ಒಂದೇ ಲ್ಯಾಪ್‌ಟಾಪ್, ಎರಡು ಆಪರೇಟಿಂಗ್ ಸಿಸ್ಟಂ: ಫೈಲ್ ಕಳೆದುಕೊಳ್ಳದೆ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕುವುದು ಹೇಗೆ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಎಂದಿನಂತೆ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅವಧಿ ಕೊಡುವುದಾಗಿ ಹೇಳಿತು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದ್ದು ಅಥವಾ ಅದರ ನಂತರದ್ದೇ ಆಗಿರಬೇಕು. 2017ಕ್ಕಿಂತ ಮೊದಲು ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಇಲ್ಲೇ ನಿಂತುಬಿಡುತ್ತವೆ. ಕೀಬೋರ್ಡ್ ಚೆನ್ನಾಗಿದೆ, ಸ್ಕ್ರೀನ್ ಚೆನ್ನಾಗಿದೆ, ಆದರೂ ಹೊಸದು ಕೊಳ್ಳಬೇಕೇ?

ಇಂಥವರಿಗೆ ಸಿಗುವ ಒಂದು ಸಲಹೆ "ಲಿನಕ್ಸ್ ಹಾಕಿ" ಅನ್ನುವುದು. ಲಿನಕ್ಸ್ ಉಚಿತ, ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ, ಭದ್ರತಾ ಅಪ್‌ಡೇಟ್‌ಗಳೂ ತಪ್ಪದೆ ಬರುತ್ತವೆ. ಆದರೆ ವಿಂಡೋಸ್ ಪೂರ್ತಿ ಬಿಡಲು ಎಲ್ಲರಿಗೂ ಆಗುವುದಿಲ್ಲ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದೆ. ಕಚೇರಿಯ ಹಳೆಯ ಕಡತಗಳು ನುಡಿ ಫಾಂಟ್‌ನಲ್ಲಿವೆ. ಕೆಲವು ಆಟಗಳು ಲಿನಕ್ಸ್‌ನಲ್ಲಿ ಓಡುವುದೇ ಇಲ್ಲ. ಹಾಗಾಗಿ ಎರಡನ್ನೂ ಇಟ್ಟುಕೊಳ್ಳುವ ದಾರಿ ಬೇಕಾಗುತ್ತದೆ. ಇದಕ್ಕೆ ಡ್ಯುಯಲ್ ಬೂಟ್ ಅನ್ನುತ್ತಾರೆ. ಬೂಟ್ ಅಂದರೆ ಯಂತ್ರ ಆನ್ ಆಗಿ ಸಿಸ್ಟಂ ಎದ್ದೇಳುವುದು. ಲ್ಯಾಪ್‌ಟಾಪ್ ಆನ್ ಮಾಡಿದಾಗ ಒಂದು ಮೆನು ಬರುತ್ತದೆ, ಅದರಲ್ಲಿ ಇವತ್ತು ಯಾವುದು ಬೇಕೋ ಅದನ್ನು ಆರಿಸಿಕೊಳ್ಳುತ್ತೀರಿ.

ಡ್ಯುಯಲ್ ಬೂಟ್ ಮಾಡಲು ಹೋಗಿ ಫೋಟೋ, ಲೆಕ್ಕ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲಾ ಕಳೆದುಕೊಂಡವರಿದ್ದಾರೆ. ಅದು ದುರದೃಷ್ಟವಲ್ಲ. ಎರಡು ಸಿಸ್ಟಂಗಳು ಏನೇನು ಹಂಚಿಕೊಳ್ಳುತ್ತವೆ ಅಂತ ತಿಳಿದರೆ ಎಲ್ಲಿ ಎಚ್ಚರ ಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಆಪರೇಟಿಂಗ್ ಸಿಸ್ಟಂ ಅಂದರೆ ಏನು, ಎರಡು ಹೇಗೆ ಇರುತ್ತವೆ?

ಪ್ರೊಸೆಸರ್, ಮೆಮೊರಿ, ಡಿಸ್ಕ್, ಕೀಬೋರ್ಡ್ ಇವುಗಳನ್ನು ನಡೆಸುವ ಮೂಲ ಸಾಫ್ಟ್‌ವೇರ್ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಒಂದು, ಆಪಲ್‌ನ ಮ್ಯಾಕ್ ಇನ್ನೊಂದು. ಲಿನಕ್ಸ್ ಮೂರನೆಯದು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದರ ತಿರುಳನ್ನು ಬರೆದ. ಆ ತಿರುಳಿನ ಸುತ್ತ ಬೇರೆ ಬೇರೆ ತಂಡಗಳು ಕಟ್ಟಿದ ಪೂರ್ಣ ಸಿಸ್ಟಂಗಳೇ ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಮುಂತಾದವು. ಹೊಸಬರಿಗೆ ಉಬುಂಟು ಅಥವಾ ಮಿಂಟ್ ಸಾಕು. ಮಿಂಟ್‌ನ ಪರದೆ ವಿಂಡೋಸ್‌ನಂತೆಯೇ ಕಾಣುವುದರಿಂದ ಮನೆಯ ಹಿರಿಯರಿಗೂ ಬೇಗ ಹಿಡಿಸುತ್ತದೆ.

ಡ್ಯುಯಲ್ ಬೂಟ್‌ನಲ್ಲಿ ಎರಡು ಸಿಸ್ಟಂಗಳು ಒಟ್ಟಿಗೆ ಓಡುವುದಿಲ್ಲ. ಒಂದು ಓಡುವಾಗ ಇನ್ನೊಂದು ಡಿಸ್ಕ್‌ನಲ್ಲಿ ಸುಮ್ನೆ ಬಿದ್ದಿರುವ ಫೈಲ್‌ಗಳ ರಾಶಿ, ಅಷ್ಟೆ. ಹಾಗಾಗಿ ಅವು ನೇರವಾಗಿ ಜಗಳವಾಡುವ ಸಂದರ್ಭವೇ ಇಲ್ಲ. ತೊಂದರೆ ಬರುವುದು ಇಬ್ಬರೂ ಸರದಿಯಲ್ಲಿ ಮುಟ್ಟುವ ವಸ್ತುಗಳಲ್ಲಿ. ಅವು ಮುಖ್ಯವಾಗಿ ನಾಲ್ಕು: ಡಿಸ್ಕ್, ಬೂಟ್ ಆಗುವ ಜಾಗ, ಭದ್ರತಾ ಚಿಪ್, ಗಡಿಯಾರ.

ಹಳ್ಳಿಯಲ್ಲಿ ಅಣ್ಣ ತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವುದನ್ನು ನೋಡಿರುತ್ತೀರಲ್ವಾ? ಹೊಲ ಬೇರೆಬೇರೆ, ನಡುವೆ ಬದು. ಯಾರ ಪಾಲು ಎಲ್ಲಿಂದ ಎಲ್ಲಿಗೆ ಅನ್ನುವುದು ಪಹಣಿಯಲ್ಲಿ ದಾಖಲಾಗಿರುತ್ತದೆ. ಆದರೆ ರಸ್ತೆಯಿಂದ ಒಳಗೆ ಬರುವ ದಾರಿ ಮಾತ್ರ ಇಬ್ಬರಿಗೂ ಒಂದೇ. ತಕರಾರು ಏಳುವುದು ಹೊಲದ ನಡುವೆ ಅಲ್ಲ, ಬದುವಿನಲ್ಲಿ ಮತ್ತು ದಾರಿಯಲ್ಲಿ. ಡಿಸ್ಕ್ ಕೂಡ ಹೀಗೆಯೇ. ಪಾಲುಗಳಿಗೆ ಪಾರ್ಟಿಷನ್ ಅನ್ನುತ್ತಾರೆ. ಪಾಲಿನ ದಾಖಲೆಗೆ ಪಾರ್ಟಿಷನ್ ಟೇಬಲ್ ಅನ್ನುತ್ತಾರೆ. ದಾರಿಯೇ ಇಎಫ್‌ಐ ಪಾರ್ಟಿಷನ್.

ಪವರ್ ಬಟನ್ ಒತ್ತಿದ ಮೇಲೆ ನಡೆಯುವುದು

ಬಟನ್ ಒತ್ತಿದ ತಕ್ಷಣ ಮೊದಲು ಎದ್ದೇಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಫರ್ಮ್‌ವೇರ್ ಎಂಬ ಚಿಕ್ಕ ಸಾಫ್ಟ್‌ವೇರ್. ಹಿಂದೆ ಇದಕ್ಕೆ ಬಯಾಸ್ ಎಂಬ ಹೆಸರಿತ್ತು. ಈಗಿನದು ಯುಇಎಫ್‌ಐ. ಮಾತಿನಲ್ಲಿ ಎರಡಕ್ಕೂ ಬಯಾಸ್ ಅಂತಲೇ ಹೇಳುವುದು ರೂಢಿ.

ಯುಇಎಫ್‌ಐ ಡಿಸ್ಕ್‌ನಲ್ಲಿ ಒಂದು ಚಿಕ್ಕ ಪಾರ್ಟಿಷನ್ ಹುಡುಕುತ್ತದೆ. ವಿಂಡೋಸ್ ತಾನೇ ಮಾಡಿಕೊಂಡಿದ್ದರೆ ಇದು ಸಾಮಾನ್ಯವಾಗಿ 100 ಎಂಬಿ, ಕಂಪನಿಯಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಹಲವು ಸಲ 260 ಎಂಬಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಇದು ಕಾಣುವುದಿಲ್ಲ. ಇದರೊಳಗೆ ಒಂದೊಂದು ಸಿಸ್ಟಂಗೂ ಒಂದೊಂದು ಫೋಲ್ಡರ್ ಇರುತ್ತದೆ: ಮೈಕ್ರೋಸಾಫ್ಟ್ ಹೆಸರಿನದ್ದು, ಉಬುಂಟು ಹೆಸರಿನದ್ದು. ಪ್ರತಿ ಫೋಲ್ಡರ್‌ನಲ್ಲಿ ಆ ಸಿಸ್ಟಂ ಅನ್ನು ಎಬ್ಬಿಸುವ ಬೂಟ್ ಲೋಡರ್ ಇರುತ್ತದೆ. ವಿಂಡೋಸ್‌ನದ್ದು ವಿಂಡೋಸ್ ಬೂಟ್ ಮ್ಯಾನೇಜರ್. ಲಿನಕ್ಸ್‌ನದ್ದು ಸಾಮಾನ್ಯವಾಗಿ ಗ್ರಬ್, ಯಾವ ಸಿಸ್ಟಂ ಬೇಕು ಅಂತ ಕೇಳುವ ಮೆನು ತೋರಿಸುವುದು ಇದೇ. ಎರಡರಲ್ಲಿ ಮೊದಲು ಯಾರಿಗೆ ಅವಕಾಶ ಅನ್ನುವ ಪಟ್ಟಿಯನ್ನು ಫರ್ಮ್‌ವೇರ್ ತನ್ನ ಬಳಿ ಇಟ್ಟುಕೊಂಡಿರುತ್ತದೆ. ಅದೇ ಬೂಟ್ ಆರ್ಡರ್.

ಹಳೆಯ ಬಯಾಸ್ ಕಾಲದಲ್ಲಿ ಇಡೀ ಡಿಸ್ಕ್‌ಗೆ ಒಂದೇ ಬೂಟ್ ಜಾಗ ಇತ್ತು. ಹೊಸದಾಗಿ ಬಂದವನು ಮೊದಲಿನವನನ್ನು ಅಳಿಸಿಯೇ ಕೂರಬೇಕಿತ್ತು. ಡ್ಯುಯಲ್ ಬೂಟ್ ಅಂದರೆ ಜನ ಹೆದರುತ್ತಿದ್ದದ್ದು ಆ ಕಾಲದ ನೆನಪಿನಿಂದ. ಯುಇಎಫ್‌ಐನಲ್ಲಿ ಗ್ರಬ್ ಬಂದರೂ ವಿಂಡೋಸ್‌ನ ಬೂಟ್ ಲೋಡರ್ ತನ್ನ ಫೋಲ್ಡರ್‌ನಲ್ಲಿ ಹಾಗೇ ಇರುತ್ತದೆ. ಮೆನು ಕೆಟ್ಟರೂ ಫರ್ಮ್‌ವೇರ್ ಮೂಲಕ ವಿಂಡೋಸ್ ತೆರೆಯಬಹುದು. ಇದು ನೆನಪಿದ್ದರೆ ಮುಂದೆ ಅರ್ಧ ಗಾಬರಿ ತಪ್ಪುತ್ತದೆ.

ನಿಮ್ಮದು ಯಾವ ಮೋಡ್ ಅಂತ ನೋಡಲು ವಿಂಡೋಸ್‌ನಲ್ಲಿ ಸಿಸ್ಟಂ ಇನ್ಫರ್ಮೇಶನ್ ತೆರೆಯಿರಿ. ಅಲ್ಲಿ "ಬಯಾಸ್ ಮೋಡ್" ಎಂಬ ಸಾಲಿನ ಮುಂದೆ ಯುಇಎಫ್‌ಐ ಅಥವಾ ಲೆಗಸಿ (ಹಳೆಯ ಬಯಾಸ್ ರೀತಿ) ಅಂತ ಇರುತ್ತದೆ. ವಿಂಡೋಸ್ ಯಾವ ಮೋಡ್‌ನಲ್ಲಿದೆಯೋ ಲಿನಕ್ಸ್ ಕೂಡ ಅದೇ ಮೋಡ್‌ನಲ್ಲಿ ಹಾಕಬೇಕು. ಫರ್ಮ್‌ವೇರ್‌ನ ಬೂಟ್ ಮೆನುವಿನಲ್ಲಿ, ಲಿನಕ್ಸ್ ಹಾಕಲು ಬಳಸುವ ಪೆನ್ ಡ್ರೈವ್ ಹೆಸರು ಎರಡು ಸಲ ಕಾಣುವುದುಂಟು, ಒಂದರ ಹಿಂದೆ ಯುಇಎಫ್‌ಐ ಅಂತ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಮೋಡ್ ಬೆರೆಸಿದರೆ ಎರಡು ಸಿಸ್ಟಂಗಳು ಒಂದೇ ಮೆನುವಿನಲ್ಲಿ ಸೇರುವುದಿಲ್ಲ.

ಮುಟ್ಟುವ ಮೊದಲು: ಬ್ಯಾಕಪ್ ಮತ್ತು ಆ 48 ಅಂಕಿ

ಬ್ಯಾಕಪ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಬೇಕಾದ ಫೈಲ್‌ಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿ, ಅದನ್ನು ಲ್ಯಾಪ್‌ಟಾಪ್‌ನಿಂದ ಕಿತ್ತು ಬದಿಗಿಡಿ. ಅದೇ ಲ್ಯಾಪ್‌ಟಾಪ್‌ನ ಡಿ ಡ್ರೈವ್‌ಗೆ ಕಾಪಿ ಮಾಡಿದ್ದು ಬ್ಯಾಕಪ್ ಅಲ್ಲ. ಡಿಸ್ಕ್ ಒಂದೇ, ಹೋದರೆ ಎರಡೂ ಹೋಗುತ್ತವೆ.

ಹೆಚ್ಚು ಜನ ಎಡವುವುದು ಬಿಟ್‌ಲಾಕರ್ ಹತ್ತಿರ. ಇದು ಡಿಸ್ಕ್‌ನಲ್ಲಿರುವುದನ್ನೆಲ್ಲ ಗೂಢಲಿಪಿಗೆ ಬದಲಿಸುವ ವಿಂಡೋಸ್ ವ್ಯವಸ್ಥೆ. ಲ್ಯಾಪ್‌ಟಾಪ್ ಕಳುವಾದರೂ ಕಳ್ಳನಿಗೆ ಫೈಲ್ ಸಿಗಬಾರದು ಎಂಬುದು ಉದ್ದೇಶ, ಒಳ್ಳೆಯದೇ. ಹೋಂ ಆವೃತ್ತಿಯಲ್ಲಿ ಇದೇ "ಡಿವೈಸ್ ಎನ್‌ಕ್ರಿಪ್ಶನ್" ಎಂಬ ಹೆಸರಿನಲ್ಲಿರುತ್ತದೆ. ಎಷ್ಟೋ ಜನರಿಗೆ ಇದು ಆನ್ ಆಗಿರುವುದೇ ಗೊತ್ತಿರುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಸಾಮಾನ್ಯವಾಗಿ ಕೇಳದೆಯೇ ಆನ್ ಆಗುತ್ತದೆ.

ಇದರ ಬೀಗ ಟಿಪಿಎಂ ಚಿಪ್‌ನಲ್ಲಿದೆ. ಪ್ರತಿ ಸಲ ಬೂಟ್ ಆಗುವಾಗ ಯಾವ ಯಾವ ಸಾಫ್ಟ್‌ವೇರ್ ಯಾವ ಕ್ರಮದಲ್ಲಿ ಎದ್ದಿತು ಅಂತ ಆ ಚಿಪ್‌ನಲ್ಲಿ ಗುರುತಾಗುತ್ತದೆ. ಎಂದಿನಂತೆ ಇದ್ದರೆ ಬೀಗ ತಾನೇ ತೆರೆಯುತ್ತದೆ. ನಡುವೆ ಗ್ರಬ್ ಬಂತು, ಅಥವಾ ಫರ್ಮ್‌ವೇರ್‌ನಲ್ಲಿ ಒಂದು ಸೆಟ್ಟಿಂಗ್ ಬದಲಾಯಿತು ಅಂದುಕೊಳ್ಳಿ. ಚಿಪ್‌ಗೆ ಅದು ಕಳ್ಳತನದ ಯತ್ನದಂತೆ ಕಾಣುತ್ತದೆ. ಆಗ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಆ ಡಿಸ್ಕ್ ತೆರೆಯಲು ಅಂಗಡಿಯವರಿಗೂ ಆಗುವುದಿಲ್ಲ, ಮೈಕ್ರೋಸಾಫ್ಟ್‌ಗೂ ಆಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಶನ್ ಆನ್ ಇದೆಯಾ ಅಂತ ನೋಡುವುದು. ಆನ್ ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ರಿಕವರಿ ಕೀ ತೆಗೆದು ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಬೇಡಿ. ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿಯುವ "ಸಸ್ಪೆಂಡ್" ಆಯ್ಕೆ ಇದೆ, ಲಿನಕ್ಸ್ ಹಾಕುವ ಮುನ್ನ ಅದನ್ನು ಬಳಸಿ. ಹೋಂ ಆವೃತ್ತಿಯಲ್ಲಿ ಎನ್‌ಕ್ರಿಪ್ಶನ್ ಆಫ್ ಮಾಡಿದರೆ ಇಡೀ ಡಿಸ್ಕ್ ಮತ್ತೆ ಸಾಮಾನ್ಯ ರೂಪಕ್ಕೆ ಬರಲು ಸಮಯ ಹಿಡಿಯುತ್ತದೆ. ಚಾರ್ಜರ್ ಹಾಕಿ ಮುಗಿಯುವವರೆಗೆ ಬಿಡಿ.

ಆಮೇಲೂ ಬಿಟ್‌ಲಾಕರ್ ಇಟ್ಟುಕೊಳ್ಳುವವರಿಗೆ ಒಂದು ಮಾತು. ವಿಂಡೋಸ್ ತೆರೆಯುವಾಗ ಗ್ರಬ್ ಮೆನುವಿನ ಮೂಲಕ ಹೋಗದೆ ಫರ್ಮ್‌ವೇರ್‌ನ ಬೂಟ್ ಮೆನುವಿನಿಂದ ನೇರವಾಗಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ನಡುವೆ ಗ್ರಬ್ ಬರದಿದ್ದರೆ ಚಿಪ್‌ಗೆ ಅನುಮಾನ ಬರುವುದೂ ಕಡಿಮೆ, ಕೀ ಕೇಳುವುದೂ ಕಡಿಮೆ.

ಶಟ್‌ಡೌನ್ ಮಾಡಿದರೂ ಪೂರ್ತಿ ಮುಚ್ಚದ ವಿಂಡೋಸ್

ಎಲ್ಲಕ್ಕಿಂತ ಮುಖ್ಯವಾದ ಸೆಟ್ಟಿಂಗ್ ಒಂದೇ ಹೇಳಿ ಅಂದರೆ ಇದನ್ನೇ ಹೇಳಬೇಕು: ಫಾಸ್ಟ್ ಸ್ಟಾರ್ಟಪ್.

2012ರಲ್ಲಿ ಬಂದ ವಿಂಡೋಸ್ 8ರಿಂದ ಈ ವ್ಯವಸ್ಥೆ ಇದೆ. ನೀವು ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ತಿರುಳು ಪೂರ್ತಿ ಮುಚ್ಚುವುದಿಲ್ಲ. ಅದು ತನ್ನ ಆ ಹೊತ್ತಿನ ಸ್ಥಿತಿಯನ್ನು ಡಿಸ್ಕ್‌ನ ಒಂದು ಫೈಲ್‌ಗೆ ಬರೆದು ಮಲಗುತ್ತದೆ. ಮುಂದಿನ ಸಲ ಮೊದಲಿನಿಂದ ಶುರು ಮಾಡದೆ ಆ ಫೈಲ್ ಓದಿಕೊಂಡು ಎದ್ದೇಳುತ್ತದೆ. ಹಾಗಾಗಿ ಬೇಗ ಆನ್ ಆಗುತ್ತದೆ.

ಬರೀ ವಿಂಡೋಸ್ ಇದ್ದಾಗ ಇದರಿಂದ ಯಾವ ತೊಂದರೆಯೂ ಇಲ್ಲ. ಪಕ್ಕದಲ್ಲಿ ಲಿನಕ್ಸ್ ಇದ್ದಾಗ ಏನಾಗುತ್ತದೆ ನೋಡಿ. ಮಲಗುವಾಗ ವಿಂಡೋಸ್ ತನ್ನ ನೆನಪಿನಲ್ಲಿ "ಸಿ ಡ್ರೈವ್‌ನಲ್ಲಿ ಇಂಥ ಫೈಲ್ ಇಂಥ ಜಾಗದಲ್ಲಿದೆ, ಇಷ್ಟು ಜಾಗ ಖಾಲಿ ಇದೆ" ಎಂಬ ಲೆಕ್ಕ ಇಟ್ಟುಕೊಂಡಿರುತ್ತದೆ. ನೀವು ಲಿನಕ್ಸ್ ತೆರೆದು ಆ ಡ್ರೈವ್‌ಗೆ ಒಂದು ಫೈಲ್ ಹಾಕುತ್ತೀರಿ, ಇನ್ನೊಂದನ್ನು ಅಳಿಸುತ್ತೀರಿ. ಮತ್ತೆ ವಿಂಡೋಸ್ ಎದ್ದಾಗ ಅದಕ್ಕೆ ಈ ಬದಲಾವಣೆ ಗೊತ್ತೇ ಇಲ್ಲ. ಹಳೆಯ ಲೆಕ್ಕವನ್ನೇ ನಂಬಿ ಖಾಲಿ ಅಂದುಕೊಂಡ ಜಾಗದಲ್ಲಿ ಬರೆಯುತ್ತದೆ. ಅಲ್ಲಿ ನೀವು ಹಾಕಿದ ಫೈಲ್ ಇತ್ತು. ಫೈಲ್ ಹೋಯಿತು. ಕೆಲವೊಮ್ಮೆ ಡ್ರೈವ್‌ನ ಲೆಕ್ಕವೇ ಕೆಡುತ್ತದೆ.

ಇದನ್ನು ತಪ್ಪಿಸಲೆಂದೇ ಲಿನಕ್ಸ್ ಇಂಥ ಅರ್ಧ ಮುಚ್ಚಿದ ಡ್ರೈವ್ ಕಂಡರೆ ಬರೆಯಲು ಬಿಡುವುದಿಲ್ಲ. ಓದಲು ಮಾತ್ರ ಬಿಡುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಆಗ ಕೆಲವರು ಇಂಟರ್‌ನೆಟ್‌ನಲ್ಲಿ ಹುಡುಕಿ ಬಲವಂತವಾಗಿ ತೆರೆಯುವ ಕಮಾಂಡ್ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ತಡೆ ಇರುವುದೇ ನಿಮ್ಮ ಫೈಲ್ ಉಳಿಸಲು.

ಸರಿಯಾದ ದಾರಿ ಸುಲಭ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ. ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಪುಟ ತೆರೆಯಿರಿ. ಅಲ್ಲಿ "ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್" ಮುಂದಿನ ಟಿಕ್ ತೆಗೆಯಿರಿ. ಟಿಕ್ ಮಂಕಾಗಿದ್ದರೆ ಮೇಲಿರುವ ನೀಲಿ ಸಾಲನ್ನು ಒತ್ತಿದರೆ ತೆರೆದುಕೊಳ್ಳುತ್ತದೆ. ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಇರುವ ಲ್ಯಾಪ್‌ಟಾಪ್‌ನಲ್ಲಿ ಇದರಿಂದ ಆಗುವ ವಿಳಂಬ ಕೆಲವೇ ಸೆಕೆಂಡು. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಈ ಟಿಕ್ ಮತ್ತೆ ಬಂದಿದೆಯಾ ಅಂತ ಒಮ್ಮೆ ನೋಡಿ. ಹೈಬರ್ನೇಟ್ ಕೂಡ ಇದೇ ಜಾತಿಯದ್ದು. ವಿಂಡೋಸ್ ಅನ್ನು ಹೈಬರ್ನೇಟ್ ಮಾಡಿ ಲಿನಕ್ಸ್‌ಗೆ ಹೋಗಬೇಡಿ. ರೀಸ್ಟಾರ್ಟ್ ಒತ್ತಿದರೆ ಮಾತ್ರ ವಿಂಡೋಸ್ ಯಾವಾಗಲೂ ಪೂರ್ತಿ ಮುಚ್ಚುತ್ತದೆ, ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು ಅದೇ ಒಳ್ಳೆಯ ಅಭ್ಯಾಸ.

ಜಾಗ ಬಿಡಿಸುವುದು, ಪೆನ್ ಡ್ರೈವ್‌ನಿಂದ ಹಾಕುವುದು

ಎರಡೂ ಹೊಸದಾಗಿ ಹಾಕುವುದಾದರೆ ಮೊದಲು ವಿಂಡೋಸ್, ಆಮೇಲೆ ಲಿನಕ್ಸ್. ವಿಂಡೋಸ್ ಇನ್‌ಸ್ಟಾಲರ್ ಬೂಟ್ ಆರ್ಡರ್‌ನಲ್ಲಿ ತನ್ನನ್ನೇ ಮೊದಲು ಇಟ್ಟುಕೊಳ್ಳುತ್ತದೆ, ಲಿನಕ್ಸ್ ಅನ್ನು ಮೆನುವಿಗೆ ಸೇರಿಸುವುದಿಲ್ಲ. ಲಿನಕ್ಸ್ ಇನ್‌ಸ್ಟಾಲರ್ ಸಾಮಾನ್ಯವಾಗಿ ವಿಂಡೋಸ್ ಅನ್ನು ಗುರುತಿಸಿ ಮೆನುವಿಗೆ ಸೇರಿಸಿಕೊಳ್ಳುತ್ತದೆ.

ಲಿನಕ್ಸ್‌ಗೆ ಬೇಕಾದ ಜಾಗವನ್ನು ವಿಂಡೋಸ್ ಒಳಗಿನಿಂದಲೇ ಬಿಡಿಸಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿದರೆ "ಶ್ರಿಂಕ್ ವಾಲ್ಯೂಮ್" ಸಿಗುತ್ತದೆ. ತನ್ನ ಫೈಲ್‌ಗಳು ಎಲ್ಲೆಲ್ಲಿವೆ ಅಂತ ಚೆನ್ನಾಗಿ ಗೊತ್ತಿರುವುದು ವಿಂಡೋಸ್‌ಗೇ. ಉಬುಂಟು 24.04ಕ್ಕೆ ಕನಿಷ್ಠ 25 ಜಿಬಿ ಬೇಕು ಅನ್ನುತ್ತಾರೆ. ದಿನಬಳಕೆಗೆ 50ರಿಂದ 60 ಜಿಬಿ ಕೊಟ್ಟರೆ ಉಸಿರಾಡಲು ಜಾಗ ಇರುತ್ತದೆ. ಅರ್ಧ ಡ್ರೈವ್ ಖಾಲಿ ಇದ್ದರೂ ವಿಂಡೋಸ್ ಸ್ವಲ್ಪವೇ ಬಿಟ್ಟುಕೊಡಲು ಒಪ್ಪಿದರೆ ಅದಕ್ಕೆ ಕಾರಣ ನಡುವೆ ಕೂತಿರುವ, ಸರಿಸಲಾಗದ ಫೈಲ್‌ಗಳು. ಹೈಬರ್ನೇಟ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು ಇಂಥವು. ಇವನ್ನು ಆಫ್ ಮಾಡಿ ಮತ್ತೆ ಪ್ರಯತ್ನಿಸಿ. ಬಿಡಿಸಿದ ಜಾಗವನ್ನು ಹಾಗೇ ಖಾಲಿ ಬಿಡಿ. ಅದರಲ್ಲಿ ಹೊಸ ಡ್ರೈವ್ ಮಾಡಬೇಡಿ.

ಉಬುಂಟು ಅಥವಾ ಮಿಂಟ್‌ನ ಐಎಸ್‌ಒ ಫೈಲ್ (ಇಡೀ ಇನ್‌ಸ್ಟಾಲರ್ ಇರುವ ಒಂದೇ ಫೈಲ್) ಅನ್ನು ಅವರದೇ ಅಧಿಕೃತ ತಾಣದಿಂದ ಇಳಿಸಿಕೊಳ್ಳಿ. ರೂಫಸ್ ಅಥವಾ ಬಲೆನಾ ಎಚರ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಅದನ್ನು 8 ಜಿಬಿ ಅಥವಾ ಹೆಚ್ಚಿನ ಪೆನ್ ಡ್ರೈವ್‌ಗೆ ಬರೆಯಿರಿ. ಪೆನ್ ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಅದನ್ನು ಹಾಕಿಕೊಂಡು ಆನ್ ಮಾಡಿ, ಲೆನೊವೊ, ಡೆಲ್ ಆದರೆ ಸಾಮಾನ್ಯವಾಗಿ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿದರೆ ಬೂಟ್ ಮೆನು ಬರುತ್ತದೆ.

ತಕ್ಷಣ ಇನ್‌ಸ್ಟಾಲ್ ಮಾಡಬೇಡಿ. ಪೆನ್ ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡುವ ಆಯ್ಕೆ ಇದೆ. ಆಗ ಡಿಸ್ಕ್‌ಗೆ ಏನೂ ಬರೆಯುವುದಿಲ್ಲ. ವೈಫೈ ಸಿಗುತ್ತದಾ, ಟಚ್‌ಪ್ಯಾಡ್, ಕ್ಯಾಮೆರಾ, ಧ್ವನಿ ಸರಿ ಇದೆಯಾ, ನಿದ್ದೆಯಿಂದ ಎದ್ದೇಳುತ್ತದಾ, ಎಲ್ಲ ನೋಡಿ. ಒಂದು ಸಂಜೆ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಇನ್‌ಸ್ಟಾಲರ್‌ನಲ್ಲಿ ಒಂದು ಪುಟ ನಿಮ್ಮ ಫೈಲ್‌ಗಳ ಹಣೆಬರಹ ಬರೆಯುತ್ತದೆ. ವಿಂಡೋಸ್ ಜತೆಯಲ್ಲಿ ಹಾಕುವುದು ಒಂದು ಆಯ್ಕೆ. ಇಡೀ ಡಿಸ್ಕ್ ಅಳಿಸಿ ಹಾಕುವುದು ಇನ್ನೊಂದು. ಎರಡನೆಯದರ ಹೆಸರಿನಲ್ಲಿ "ಇರೇಸ್ ಡಿಸ್ಕ್" ಅಂತ ಸ್ಪಷ್ಟವಾಗಿ ಇರುತ್ತದೆ. ಅದು ಹಳೆಯ ಉಬುಂಟು ಅಳಿಸುವುದಲ್ಲ, ಸಿ ಡ್ರೈವ್ ಅಳಿಸುವುದಲ್ಲ. ವಿಂಡೋಸ್, ರಿಕವರಿ ಪಾರ್ಟಿಷನ್, ಡಿ ಡ್ರೈವ್ ಎಲ್ಲವನ್ನೂ ಸೇರಿಸಿ ಇಡೀ ಡಿಸ್ಕ್ ಅಳಿಸುವುದು. ಜತೆಯಲ್ಲಿ ಹಾಕುವ ಆಯ್ಕೆ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಕಾರಣ ಹುಡುಕಿ. ಬಹಳ ಸಲ ಕಾರಣ ಬಿಟ್‌ಲಾಕರ್, ಇಲ್ಲವೇ ಮೋಡ್ ಬೆರಕೆ.

ಡಿಸ್ಕೇ ಕಾಣದಿದ್ದರೆ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಕಾರಣ ಸಾಮಾನ್ಯವಾಗಿ ಫರ್ಮ್‌ವೇರ್‌ನ ಸ್ಟೋರೇಜ್ ಸೆಟ್ಟಿಂಗ್. ಅದು ಆರ್‌ಎಸ್‌ಟಿ ಅಥವಾ ರೇಡ್ ಅಂತ ಇದ್ದು ಎಎಚ್‌ಸಿಐಗೆ ಬದಲಿಸಬೇಕಾಗಬಹುದು. ಆದರೆ ವಿಂಡೋಸ್ ಅನ್ನು ಮೊದಲು ತಯಾರು ಮಾಡದೆ ಸುಮ್ನೆ ಬದಲಿಸಿದರೆ ವಿಂಡೋಸ್ ಎದ್ದೇಳದೆ ನಿಲ್ಲಬಹುದು. ಈ ಒಂದು ಹೆಜ್ಜೆಗೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಲೇಸು.

ಎರಡು ಡಿಸ್ಕ್ ಇದ್ದರೆ ಅರ್ಧ ಚಿಂತೆ ಕಡಿಮೆ

ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಎಸ್‌ಎಸ್‌ಡಿ ಹಾಕುವ ಜಾಗ ಇರುತ್ತದೆ. ಸ್ವಲ್ಪ ಖರ್ಚು ಮಾಡಲು ಆಗುವುದಾದರೆ ನಾನು ಹೇಳುವುದು ಇದನ್ನೇ: ವಿಂಡೋಸ್‌ಗೆ ಒಂದು ಡಿಸ್ಕ್, ಲಿನಕ್ಸ್‌ಗೆ ಇನ್ನೊಂದು. ಆಗ ಜಾಗ ಕುಗ್ಗಿಸುವ ಪ್ರಮೇಯವೇ ಇಲ್ಲ. ಒಂದು ಡಿಸ್ಕ್ ಕೆಟ್ಟರೂ ಇನ್ನೊಂದು ಎದ್ದೇಳುತ್ತದೆ. ಒಂದೇ ಎಚ್ಚರ ಏನೆಂದರೆ, ಉಬುಂಟು ಇನ್‌ಸ್ಟಾಲರ್ ಎರಡನೇ ಡಿಸ್ಕ್ ಆರಿಸಿದರೂ ತನ್ನ ಬೂಟ್ ಲೋಡರ್ ಅನ್ನು ಮೊದಲ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ನಲ್ಲಿ ಹಾಕಿಬಿಟ್ಟ ಉದಾಹರಣೆಗಳಿವೆ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಡಿಸ್ಕ್ ಅನ್ನು ಕಿತ್ತಿಟ್ಟರೆ, ಅಥವಾ ಫರ್ಮ್‌ವೇರ್‌ನಲ್ಲಿ ಆಫ್ ಮಾಡಲು ಬಂದರೆ, ಈ ಗೊಂದಲ ಬರುವುದಿಲ್ಲ.

ಲಿನಕ್ಸ್ ಅನ್ನು ಅಪರೂಪಕ್ಕೆ ಕಲಿಯಲು ಮಾತ್ರ ಬೇಕಾದವರಿಗೆ ಡ್ಯುಯಲ್ ಬೂಟ್ ಬೇಕಾಗಿಯೇ ಇಲ್ಲ. 8 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇದ್ದರೆ ವರ್ಚುವಲ್‌ಬಾಕ್ಸ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ವಿಂಡೋಸ್ ಒಳಗೇ ಒಂದು ಕಿಟಕಿಯಲ್ಲಿ ಲಿನಕ್ಸ್ ಓಡಿಸಬಹುದು. ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗಳಿಗೆ ವಿಂಡೋಸ್‌ನಲ್ಲೇ ಬರುವ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಸಾಕಾಗಬಹುದು. ಇವುಗಳಲ್ಲಿ ಪಾರ್ಟಿಷನ್ ಮುಟ್ಟುವುದೇ ಇಲ್ಲ.

ಸೆಕ್ಯೂರ್ ಬೂಟ್ ಮತ್ತು 2024ರ ಆಗಸ್ಟ್

ಬೂಟ್ ಲೋಡರ್‌ನ ಜಾಗದಲ್ಲೇ ವೈರಸ್ ಬಂದು ಕೂತರೆ ಆಂಟಿವೈರಸ್‌ಗೂ ಕಾಣುವುದಿಲ್ಲ. ಅದನ್ನು ತಡೆಯಲು ಯುಇಎಫ್‌ಐನಲ್ಲಿ ಸೆಕ್ಯೂರ್ ಬೂಟ್ ಇದೆ. ನಂಬಿಕಸ್ಥರ ಡಿಜಿಟಲ್ ಸಹಿ ಇರುವ ಬೂಟ್ ಲೋಡರ್ ಮಾತ್ರ ಇದರಡಿ ಓಡುತ್ತದೆ. ಉಬುಂಟು, ಫೆಡೋರಾ, ಮಿಂಟ್ ಇವು ಶಿಮ್ ಎಂಬ ಚಿಕ್ಕ ಪ್ರೋಗ್ರಾಂ ಬಳಸುತ್ತವೆ. ಅದಕ್ಕೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ. ಶಿಮ್ ಗ್ರಬ್ ಅನ್ನು ಪರೀಕ್ಷಿಸಿ ಎಬ್ಬಿಸುತ್ತದೆ. ಆದ್ದರಿಂದ ಈಗ ಲಿನಕ್ಸ್‌ಗಾಗಿ ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು ಎಂಬ ಹಳೆಯ ಸಲಹೆ ಬಹುತೇಕ ಬೇಕಿಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್‌ನಂಥ ಆಟಗಳು ಸೆಕ್ಯೂರ್ ಬೂಟ್ ಇಲ್ಲದಿದ್ದರೆ ಶುರುವಾಗುವುದೇ ಇಲ್ಲ.

ಹಂಚಿಕೊಂಡ ದಾರಿಯಲ್ಲಿ ಒಬ್ಬರು ಮಾಡಿದ ಬದಲಾವಣೆ ಇನ್ನೊಬ್ಬರನ್ನು ಹೇಗೆ ತಡೆಯಬಹುದು ಅನ್ನುವುದಕ್ಕೆ ದೊಡ್ಡ ಉದಾಹರಣೆ 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್. ಗ್ರಬ್‌ನ ಹಳೆಯ ಆವೃತ್ತಿಗಳಲ್ಲಿ 2022ರಲ್ಲಿ ಗುರುತಾದ ಒಂದು ಭದ್ರತಾ ದೋಷವಿತ್ತು. ಅಂಥ ಹಳೆಯ ಬೂಟ್ ಲೋಡರ್‌ಗಳಿಗೆ ತಡೆ ಹಾಕುವ ಪಟ್ಟಿಯನ್ನು ಮೈಕ್ರೋಸಾಫ್ಟ್ ಆ ಅಪ್‌ಡೇಟ್‌ನಲ್ಲಿ ಕಳಿಸಿತು. ಡ್ಯುಯಲ್ ಬೂಟ್ ಇರುವ ಯಂತ್ರಗಳಿಗೆ ಇದು ತಾಗುವುದಿಲ್ಲ ಅಂತ ಹೇಳಿತ್ತು. ಆದರೆ ಅಪ್‌ಡೇಟ್‌ಗೆ ಹಲವು ಬಗೆಯ ಡ್ಯುಯಲ್ ಬೂಟ್ ಗುರುತೇ ಸಿಗಲಿಲ್ಲ. ಮರುದಿನ ಲಿನಕ್ಸ್ ಆರಿಸಿದವರಿಗೆ ಶಿಮ್ ಪರೀಕ್ಷೆ ವಿಫಲ, ಏನೋ ಗಂಭೀರ ತಪ್ಪಾಗಿದೆ ಎಂಬ ಸಂದೇಶ ಬಂದು ಯಂತ್ರ ಆಫ್ ಆಯಿತು. ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ.

ಆಗ ಯಾರ ಫೈಲ್‌ಗಳೂ ಅಳಿದಿರಲಿಲ್ಲ, ದಾರಿ ಮಾತ್ರ ಮುಚ್ಚಿತ್ತು. ಇಂಥದ್ದನ್ನು ತಪ್ಪಿಸಲು ಎರಡೂ ಸಿಸ್ಟಂಗಳನ್ನು ಅಪ್‌ಡೇಟ್ ಮಾಡುತ್ತಿರಬೇಕು. ತಿಂಗಳುಗಟ್ಟಲೆ ಲಿನಕ್ಸ್ ತೆರೆಯದೆ ವಿಂಡೋಸ್ ಮಾತ್ರ ಅಪ್‌ಡೇಟ್ ಮಾಡಿದವರಿಗೆ ಅಪಾಯ ಜಾಸ್ತಿ.

ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ

ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದಾಗ ಬೆಳಿಗ್ಗೆ 10 ಗಂಟೆಗೆ 4:30 ಅಂತ ತೋರಿಸಿದರೆ ಗಾಬರಿ ಬೇಡ. ಮದರ್‌ಬೋರ್ಡ್‌ನಲ್ಲಿ ಇಬ್ಬರಿಗೂ ಒಂದೇ ಗಡಿಯಾರ ಇದೆ. ಅದರಲ್ಲಿರುವುದು ಸ್ಥಳೀಯ ಸಮಯ ಅಂತ ವಿಂಡೋಸ್ ನಂಬುತ್ತದೆ. ಲಿನಕ್ಸ್ ಅದರಲ್ಲಿ ವಿಶ್ವ ಸಮಯವನ್ನು ಇಡುತ್ತದೆ. ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಸಮಯ ತಪ್ಪಿದರೆ ಬ್ಯಾಂಕ್ ತಾಣಗಳು ಸರ್ಟಿಫಿಕೇಟ್ ಸರಿಯಿಲ್ಲ ಅನ್ನಬಹುದು, ಅಷ್ಟೆ. ಲಿನಕ್ಸ್‌ನ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಒಂದು ಕಮಾಂಡ್ ಕೊಟ್ಟು ಅದೂ ಸ್ಥಳೀಯ ಸಮಯವನ್ನೇ ಇಡುವಂತೆ ಮಾಡಬಹುದು.

ಫೈಲ್ ಹಂಚಿಕೊಳ್ಳುವುದು, ಕನ್ನಡ ಬರೆಯುವುದು

ಲಿನಕ್ಸ್‌ಗೆ ವಿಂಡೋಸ್‌ನ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಜೋಡಿಸಿಡುವ ಪದ್ಧತಿ) ಡ್ರೈವ್ ಓದಲು, ಬರೆಯಲು ಬರುತ್ತದೆ. ವಿಂಡೋಸ್‌ಗೆ ಲಿನಕ್ಸ್‌ನ ಪಾರ್ಟಿಷನ್ ತಾನಾಗಿ ಓದಲು ಬರುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದು ಹೆಸರಿಲ್ಲದ ತುಂಡಿನಂತೆ ಕಾಣುತ್ತದೆ. ಏನೋ ವ್ಯರ್ಥವಾಗಿ ಬಿದ್ದಿದೆ ಅಂತ ಅದನ್ನು ಅಳಿಸಿದವರುಂಟು. ಮನೆಯಲ್ಲಿ ಬೇರೆಯವರೂ ಲ್ಯಾಪ್‌ಟಾಪ್ ಬಳಸುವುದಾದರೆ ಮೊದಲೇ ಹೇಳಿಡಿ.

ಎರಡೂ ಕಡೆ ಬೇಕಾದ ಫೈಲ್‌ಗಳಿಗೆ ಬೇರೆಯೇ ಒಂದು ಪಾರ್ಟಿಷನ್ ಇಡುವುದು ನೆಮ್ಮದಿ. ಲಿನಕ್ಸ್‌ನಿಂದ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ಗೆ ಕೈ ಹಾಕುವ ಅಗತ್ಯ ಆಗ ಬರುವುದಿಲ್ಲ. ಇನ್ನೊಂದು ವಿಷಯ ಗಮನಿಸಿ. ಎನ್‌ಕ್ರಿಪ್ಶನ್ ಇಲ್ಲದ ಸಿ ಡ್ರೈವ್‌ನ ಫೈಲ್‌ಗಳನ್ನು ಲಿನಕ್ಸ್‌ನಿಂದ ತೆರೆಯಲು ವಿಂಡೋಸ್ ಪಾಸ್‌ವರ್ಡ್ ಬೇಕಾಗುವುದಿಲ್ಲ. ಬೇರೆಯವರ ಕೈಗೆ ಲ್ಯಾಪ್‌ಟಾಪ್ ಸಿಕ್ಕರೂ ಹಾಗೆಯೇ.

ಬೆಂಬಲ ಮುಗಿದ ವಿಂಡೋಸ್ 10 ಇಟ್ಟುಕೊಂಡವರು ಕೆಲಸ ಹಂಚಿಕೊಳ್ಳಬಹುದು. ಟ್ಯಾಲಿ, ಹಳೆಯ ಪ್ರಿಂಟರ್, ನುಡಿ ಕಡತಗಳು ವಿಂಡೋಸ್‌ನಲ್ಲಿ, ಸಾಧ್ಯವಾದಷ್ಟೂ ವೈಫೈ ಆಫ್ ಮಾಡಿ. ಬ್ಯಾಂಕ್, ಮೇಲ್, ಬ್ರೌಸಿಂಗ್ ಎಲ್ಲ ಲಿನಕ್ಸ್‌ನಲ್ಲಿ. ಕನ್ನಡ ಟೈಪಿಂಗ್‌ಗೆ ಲಿನಕ್ಸ್‌ನಲ್ಲಿ ಪ್ರತ್ಯೇಕ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಜತೆಗೆ ಕಗಪ ವಿನ್ಯಾಸವೂ ಸಿಗುತ್ತದೆ. ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಉಚಿತವಾಗಿವೆ. ಆದರೆ ಹಳೆಯ ನುಡಿ ಫಾಂಟ್‌ನಲ್ಲಿ ಬರೆದ, ಯೂನಿಕೋಡ್ ಅಲ್ಲದ ಕಡತಗಳು ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ತರಬೇಕು.

ಮೆನು ಮಾಯವಾದರೆ, ಲಿನಕ್ಸ್ ಬೇಡವಾದರೆ

ವಿಂಡೋಸ್ ಅಪ್‌ಡೇಟ್ ಆದ ಮೇಲೆ ಮೆನು ಬರದೆ ನೇರವಾಗಿ ವಿಂಡೋಸ್ ತೆರೆದರೆ ಲಿನಕ್ಸ್ ಅಳಿದಿಲ್ಲ. ಬೂಟ್ ಆರ್ಡರ್ ಬದಲಾಗಿದೆ, ಅಷ್ಟೆ. ಫರ್ಮ್‌ವೇರ್‌ಗೆ ಹೋಗಿ ಉಬುಂಟು ಹೆಸರನ್ನು ಮತ್ತೆ ಮೇಲಕ್ಕೆ ತನ್ನಿ. ಇನ್ನೊಂದು ಬಗೆಯಲ್ಲಿ, ಮೆನುವಿನಲ್ಲಿ ವಿಂಡೋಸ್ ಹೆಸರೇ ಕಾಣದಿರಬಹುದು. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಸಿಸ್ಟಂಗಳನ್ನು ಹುಡುಕುವ ಕೆಲಸ ತಾನಾಗಿ ಆನ್ ಇರುವುದಿಲ್ಲ. ಗ್ರಬ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಅದನ್ನು ಆನ್ ಮಾಡಿ ಮೆನುವನ್ನು ಹೊಸದಾಗಿ ಬರೆಸಬೇಕು. ಇನ್‌ಸ್ಟಾಲ್ ಮಾಡಿದ ಪೆನ್ ಡ್ರೈವ್ ಅನ್ನು ಅಳಿಸದೆ ಇಟ್ಟುಕೊಳ್ಳಿ, ಎರಡೂ ಎದ್ದೇಳದ ದಿನ ಫೈಲ್ ತೆಗೆಯಲು ಅದೇ ಬೇಕಾಗುತ್ತದೆ.

ಲಿನಕ್ಸ್ ತೆಗೆಯುವುದಾದರೆ ಕ್ರಮ ಮುಖ್ಯ. ಮೊದಲು ಅದರಲ್ಲಿರುವ ಫೈಲ್‌ಗಳನ್ನು ಹೊರಗೆ ತೆಗೆಯಿರಿ. ಆಮೇಲೆ ಫರ್ಮ್‌ವೇರ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೊದಲ ಸ್ಥಾನಕ್ಕೆ ತನ್ನಿ, ವಿಂಡೋಸ್ ಸರಿಯಾಗಿ ತೆರೆಯುತ್ತದಾ ನೋಡಿ. ಆ ನಂತರವೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಪಾರ್ಟಿಷನ್ ಅಳಿಸಿ ಸಿ ಡ್ರೈವ್ ಹಿಗ್ಗಿಸಿ. ಮೊದಲೇ ಪಾರ್ಟಿಷನ್ ಅಳಿಸಿದರೆ ಗ್ರಬ್ ತನ್ನ ಫೈಲ್‌ಗಳು ಸಿಗದೆ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಆಗಲೂ ಬೂಟ್ ಮೆನುವಿನಿಂದ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ಸಾಕು. ಆ ಚಿಕ್ಕ ಇಎಫ್‌ಐ ಪಾರ್ಟಿಷನ್ ಅನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ, ಅದರೊಳಗೆ ವಿಂಡೋಸ್‌ನ ಬೂಟ್ ಲೋಡರ್ ಕೂಡ ಇದೆ. ಅಲ್ಲಿ ಉಳಿಯುವ ಉಬುಂಟು ಫೋಲ್ಡರ್ ಕೆಲವೇ ಎಂಬಿ, ಇದ್ದರೂ ತೊಂದರೆಯಿಲ್ಲ.